ಬನ್ನಿನ ತಲೆಯ ಹೀರೋ ಮತ್ತು ನಾಲ್ಕು ವರ್ಷದ ಮಗು

(ಜಪಾನಿನ ಕಾರ್ಟೂನುಗಳು ಪುಟ್ಟ ಮಕ್ಕಳಿಗೆ ಯಾಕೆ ಅಷ್ಟು ಇಷ್ಟ ಅಂತ ನಮ್ಮ ಬಡಾವಣೆಯ ಮಕ್ಕಳ ಗ್ರಂಥಾಲಯದಲ್ಲಿ ಒಂದು ಭಾನುವಾರ ಅಪ್ಪ ಅಮ್ಮಂದಿರ ಎದುರು ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅಲ್ಲಿ ಪರದೆ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗಲೇ ಒಬ್ಬ ತಾಯಿ ನನ್ನನ್ನು ಬಾಗಿಲಲ್ಲಿ ಹಿಡಿದರು. "ನಮ್ಮನೇಲಿ ಯಾರಿಗೂ ಹಿಂದಿ ಬರಲ್ಲ. ನಮ್ಮ ಹುಡುಗ ಮಾತ್ರ ಬೆಳಿಗ್ಗೆ ಎದ್ದು ಹಿಂದಿಯಲ್ಲಿ ಹಾಲು ಕೇಳ್ತಾನೆ. ಎಲ್ಲಾ ಆ ಡೋರೆಮಾನ್ ಕೆಲಸ" ಅಂದರು. ಸುತ್ತ ನಿಂತವರೆಲ್ಲ ನಕ್ಕರು. ಕೆಲವರು ತಲೆಯಾಡಿಸಿದರು. ಅಂದರೆ ಅವರ ಮನೆಗಳಲ್ಲೂ ಇದೇ ಕಥೆ.

ಜಪಾನಿನಲ್ಲಿ ಹುಟ್ಟಿದ ನೀಲಿ ಬೆಕ್ಕೊಂದು ಹಿಂದಿ ಮಾತಾಡುತ್ತಾ ಕನ್ನಡದ ಮನೆಯೊಳಗೆ ಬಂದು ಕೂತಿದೆ. ಮಗುವಿಗೆ ಅದೇನೂ ವಿಚಿತ್ರ ಅನ್ನಿಸಿಲ್ಲ. ವಿಚಿತ್ರ ಅನ್ನಿಸಿದ್ದು ನಮಗೆ. ಆದರೆ ನಮಗೂ ಹಾಗೆ ಅನ್ನಿಸಬೇಕಿಲ್ಲ. 1993ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದ ಮುಂದೆ ಕೂತವರು ಇಲ್ಲಿ ಎಷ್ಟು ಜನ ಇದ್ದೀರಿ? ಚಡ್ಡಿ ಹಾಕಿದ ಹೂವಿನ ಹಾಡು ನೆನಪಿದೆ ಅಲ್ವಾ? ಆ ಜಂಗಲ್ ಬುಕ್‌ನ ಮೋಗ್ಲಿ ಜಪಾನಿನವನೇ. ಅಲ್ಲಿನ ನಿಪ್ಪಾನ್ ಆನಿಮೇಷನ್ ಸಂಸ್ಥೆ 1989ರಲ್ಲಿ ಮಾಡಿದ 52 ಕಂತುಗಳ ಸರಣಿ ಅದು. ಹಾಡು ಮಾತ್ರ ನಮ್ಮ ಗುಲ್ಜಾರ್ ಅವರದ್ದು. ಕಾಡು ನಮ್ಮದು, ಕಥೆ ಇಂಗ್ಲಿಷಿನದು, ಚಿತ್ರ ಜಪಾನಿನದು. ಜಪಾನಿನ ಕಾರ್ಟೂನಿಗೆ ಅನಿಮೆ ಅನ್ನುತ್ತಾರೆ. ನಾವು ಆ ಪದ ಕೇಳುವ ಮೊದಲೇ ಅದನ್ನು ನೋಡಿ ಬೆಳೆದವರು.

ನಾನು ಹತ್ತು ವರ್ಷ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಬೇರೆಯವರ ಕಾರ್ಟೂನುಗಳಿಗೆ ಚಿತ್ರ ಬರೆದವಳು. ಕೈ ಎತ್ತಿದ ಚಿತ್ರಕ್ಕೂ ಕೈ ಇಳಿಸಿದ ಚಿತ್ರಕ್ಕೂ ನಡುವಿನ ಚಿತ್ರಗಳನ್ನು ತುಂಬುವ ಕೆಲಸ. ಹಾಗಾಗಿ ನಾನು ಮನಶ್ಶಾಸ್ತ್ರ ಹೇಳಲು ಬಂದಿಲ್ಲ. ಗೆರೆ ಎಳೆಯುವವರ ಕಣ್ಣಿಗೆ ಕಾಣುವ ಸಂಗತಿಗಳನ್ನು ಹೇಳುತ್ತೇನೆ. ಅದೂ ಪುಟ್ಟ ಮಕ್ಕಳ ಬಗ್ಗೆ, ಎರಡರಿಂದ ಆರು ವರ್ಷದವರ ಬಗ್ಗೆ. ಹೈಸ್ಕೂಲಿನವರು ನೋಡುವ ಕತ್ತಿ, ರಕ್ತ, ದೆವ್ವದ ಅನಿಮೆಗಳು ಬೇರೆಯದೇ ಲೋಕ.

ಯಾರನ್ನು ಕೇಳಿದರೂ ಮೊದಲು ಹೇಳುವುದು ದೊಡ್ಡ ಕಣ್ಣು. ಕಣ್ಣು ದೊಡ್ಡದು, ಅದರಲ್ಲಿ ಹೊಳಪು, ಅದಕ್ಕೇ ಮಕ್ಕಳಿಗೆ ಇಷ್ಟ. ಇದಕ್ಕೆ ಒಂದು ಆಧಾರವೂ ಇದೆ. ಪ್ರಾಣಿಗಳ ನಡವಳಿಕೆಯನ್ನು ಗಮನಿಸುತ್ತಿದ್ದ ಕೊನ್ರಾಡ್ ಲೊರೆನ್ಸ್ 1943ರಲ್ಲಿ ಬರೆದಿದ್ದರು. ದೊಡ್ಡ ತಲೆ, ದೊಡ್ಡ ಕಣ್ಣು, ಉಬ್ಬಿದ ಕೆನ್ನೆ, ಗಿಡ್ಡ ಕೈಕಾಲು ಕಂಡರೆ ನಮಗೆ ಮುದ್ದು ಉಕ್ಕುತ್ತದೆ, ಯಾಕೆಂದರೆ ಹಸುಗೂಸು ಇರುವುದೇ ಹಾಗೆ ಅಂತ. ಆದರೆ ಅವರು ಹೇಳಿದ್ದು ದೊಡ್ಡವರಿಗೆ ಮರಿಗಳ ಮೇಲೆ ಹುಟ್ಟುವ ಅಕ್ಕರೆಯ ಬಗ್ಗೆ. ನಾಲ್ಕು ವರ್ಷದ ಮಗು ಯಾಕೆ ಟಿವಿ ಬಿಟ್ಟು ಏಳುವುದಿಲ್ಲ ಅನ್ನುವುದನ್ನು ಇದೊಂದೇ ಬಿಡಿಸಿ ಹೇಳುವುದಿಲ್ಲ.

ಇನ್ನೊಂದು ತೊಡಕಿದೆ. ಜಪಾನಿನ ಅತಿ ಪುಟ್ಟ ಮಕ್ಕಳು ತುಂಬ ವರ್ಷಗಳಿಂದ ತಲೆ ಮೇಲೆ ಹೊತ್ತು ಮೆರೆಸುತ್ತಿರುವ ಹೀರೋಗೆ ದೊಡ್ಡ ಕಣ್ಣೇ ಇಲ್ಲ. ಎರಡು ಕಪ್ಪು ಚುಕ್ಕೆ, ಅಷ್ಟೇ. ಅವನ ಹೆಸರು ಅನ್‌ಪನ್‌ಮನ್. ನಮ್ಮಲ್ಲಿ ಅವನು ಹೆಚ್ಚು ಪರಿಚಿತನಲ್ಲ. ಅಲ್ಲಿ ಮಕ್ಕಳ ಊಟದ ಡಬ್ಬಿ, ಕರವಸ್ತ್ರ, ಹಲ್ಲುಜ್ಜುವ ಬ್ರಷ್, ಎಲ್ಲದರ ಮೇಲೂ ಅವನೇ. ನನಗೆ ಇವತ್ತು ಹೇಳಬೇಕಾದ್ದರಲ್ಲಿ ಅರ್ಧ ಇವನೊಬ್ಬನಿಂದಲೇ ಹೇಳಬಹುದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಅನ್‌ಪನ್ ಅಂದರೆ ಒಂದು ಬನ್ನು. ಟೋಕಿಯೋದ ಗಿಂಜಾದಲ್ಲಿ ಕಿಮುರಾಯಾ ಅನ್ನುವ ಬೇಕರಿಯವರು 1874ರಲ್ಲಿ ಶುರು ಮಾಡಿದ್ದು. ಒಳಗೆ ಕೆಂಪು ಕಾಳು ಬೇಯಿಸಿ, ಸಕ್ಕರೆ ಹಾಕಿ ಅರೆದ ಹೂರಣ. ಹೌದು, ಹೂರಣವೇ. ಹೋಳಿಗೆಯ ಹೊಟ್ಟೆಯನ್ನು ಬನ್ನಿಗೆ ಹಾಕಿದ ಹಾಗೆ. ನಮ್ಮ ಬೇಕರಿಗಳಲ್ಲಿ ದಿಲ್‌ಪಸಂದ್ ಹೇಗೋ, ಅಲ್ಲಿ ಅದು ಹಾಗೆ. ಈ ಹೀರೋನ ತಲೆಯೇ ಆ ಬನ್ನು. ಹಸಿದವರು ಸಿಕ್ಕರೆ ತನ್ನ ಕೆನ್ನೆಯನ್ನೇ ಮುರಿದು ತಿನ್ನಲು ಕೊಡುತ್ತಾನೆ. ಆಮೇಲೆ ಜಾಮ್ ಮಾಮ ಬೇಕರಿಯಲ್ಲಿ ಹೊಸ ತಲೆ ಸುಟ್ಟು ಕೊಡುತ್ತಾನೆ.

ಇದನ್ನು ಬರೆದವರು ತಕಾಶಿ ಯನಾಸೆ. 1919ರಲ್ಲಿ ಹುಟ್ಟಿದವರು. ಯುದ್ಧಕಾಲದಲ್ಲಿ ಸೈನಿಕರಾಗಿ ಚೀನಾಕ್ಕೆ ಹೋಗಿ ಹಸಿವು ಅಂದರೆ ಏನು ಅಂತ ಕಂಡವರು. ತಮ್ಮನನ್ನು ಯುದ್ಧದಲ್ಲೇ ಕಳೆದುಕೊಂಡರು. ನಿನ್ನೆವರೆಗೆ ನ್ಯಾಯ ಅಂತ ಹೇಳಿಕೊಟ್ಟಿದ್ದು ಯುದ್ಧ ಮುಗಿದ ಮರುದಿನ ಅನ್ಯಾಯ ಆಯಿತು. ಎಂದೂ ತಲೆಕೆಳಗಾಗದ ನ್ಯಾಯ ಒಂದೇ, ಹಸಿದವರಿಗೆ ಊಟ ಕೊಡುವುದು, ಅನ್ನುವುದನ್ನು ಅವರು ಜೀವನಪೂರ್ತಿ ಹೇಳುತ್ತಿದ್ದರು. 1973ರಲ್ಲಿ ಅದನ್ನೇ ಪುಟ್ಟ ಮಕ್ಕಳ ಚಿತ್ರಪುಸ್ತಕ ಮಾಡಿದರು. ಅದರಲ್ಲಿ ಹೀರೋ ಇಡೀ ಮುಖ ಕೊಟ್ಟುಬಿಟ್ಟು ತಲೆಯೇ ಇಲ್ಲದೆ ಆಕಾಶದಲ್ಲಿ ಹಾರುತ್ತಾನೆ!

ದೊಡ್ಡವರಿಗೆ ಸಿಟ್ಟು ಬಂತು. ಮುಖ ತಿನ್ನಿಸುವುದಾ, ಎಂಥ ಕ್ರೂರ ಕಥೆ ಇದು ಅಂದರು. ಇಂಥದ್ದು ಇದೇ ಕೊನೆ ಅಂತ ಪ್ರಕಾಶಕರ ಕಡೆಯಿಂದಲೂ ಮಾತು ಬಂತಂತೆ. ಆದರೆ ಶಿಶುವಿಹಾರಗಳಲ್ಲಿ ಮೂರು ನಾಲ್ಕು ವರ್ಷದವರು ಅದೇ ಪುಸ್ತಕವನ್ನು ಮತ್ತೆ ಮತ್ತೆ ಓದಿಸಿಕೊಂಡರು. ಹಾಳೆ ಹರಿಯಿತು, ಹೊಸ ಪ್ರತಿ ತಂದರು, ಅದೂ ಹರಿಯಿತು. 1988ರ ಅಕ್ಟೋಬರಿನಲ್ಲಿ ಅದು ಟಿವಿಗೆ ಬಂದಾಗ ಯನಾಸೆ ಅವರಿಗೆ 69 ವರ್ಷ. 2013ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಸರಣಿ ಇನ್ನೂ ನಡೆಯುತ್ತಿದೆ. ಅದರ ಪಾತ್ರಗಳನ್ನು 2009ರಲ್ಲಿ ಲೆಕ್ಕ ಹಾಕಿದಾಗ 1,768 ಆಗಿದ್ದವು. ಗಿನ್ನೆಸ್ ದಾಖಲೆ ಅದು. ಬ್ರೆಡ್ಡಿನ ತಲೆಯವನು, ಬಟ್ಟಲಲ್ಲಿ ಅನ್ನದ ತಲೆಯವನು, ಬಾಯಿಂದ ಬಿಸಿ ಸಾರು ಉಗುಳುವ, ಸಾರು ತುಂಬಿದ ಬನ್ನಿನ ತಲೆಯವನು. ಇಡೀ ಅಡುಗೆಮನೆ ಎದ್ದು ನಡೆದಾಡಿದ ಹಾಗೆ.

ಈಗ ಗೆರೆಯ ವಿಷಯಕ್ಕೆ ಬರುತ್ತೇನೆ. (ಇಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದೆ.) ಒಂದು ದೊಡ್ಡ ಸೊನ್ನೆ. ಅದರೊಳಗೆ ನಡುವೆ ಒಂದು ಕೆಂಪು ಸೊನ್ನೆ ಮೂಗಿಗೆ, ಅತ್ತ ಇತ್ತ ಕೆನ್ನೆಗೆ ಎರಡು ಸೊನ್ನೆ. ಚುಕ್ಕೆ ಎರಡು, ಹುಬ್ಬು ಎರಡು, ನಗು ಒಂದು. ಮುಗಿಯಿತು. ನಿಮ್ಮ ಮಕ್ಕಳು ಮೂರು ವರ್ಷದ ಹೊತ್ತಿಗೆ ಗೋಡೆ ಮೇಲೆ ಮೊದಲು ಬರೆದಿದ್ದೇನು, ನೆನಪಿಸಿಕೊಳ್ಳಿ. ಗೀಚಿ ಗೀಚಿ ಕೊನೆಗೆ ಒಂದು ದಿನ ಗೆರೆ ಸುತ್ತಿ ಬಂದು ತನ್ನ ಬಾಲವನ್ನೇ ಮುಟ್ಟುತ್ತದೆ. ಸೊನ್ನೆ! ಅದಕ್ಕೆ ಎರಡು ಚುಕ್ಕೆ ಇಟ್ಟರೆ ಅಮ್ಮ, ಕೆಳಗೆ ಎರಡು ಕಡ್ಡಿ ಎಳೆದರೆ ಕಾಲು. ಮಗು ತಾನಾಗೇ ಬರೆಯುವ ಮನುಷ್ಯ ಅದು. ಅನ್‌ಪನ್‌ಮನ್ ಮಗುವಿನ ಕೈಗೆ ಎಟುಕುವ ಹೀರೋ. ಮಾಂಸಖಂಡ ಉಬ್ಬಿಸಿಕೊಂಡು ನಿಂತ ಸೂಪರ್‌ಮ್ಯಾನನ್ನು ಬರೆಯಲು ನನಗೇ ಅರ್ಧ ಗಂಟೆ ಬೇಕು.

ಡೋರೆಮಾನ್ ಕೂಡ ಸೊನ್ನೆಗಳ ಮೂಟೆಯೇ. ತಲೆ ಗುಂಡು, ಕೈ ಗುಂಡು, ಬಾಲದ ತುದಿ ಗುಂಡು. ಅವನನ್ನು ಬರೆದ ಫುಜಿಕೊ ಎಫ್ ಫುಜಿಯೊ ಹೊಸ ಕಥೆಗೆ ಏನೂ ಹೊಳೆಯದೆ, ಗಡುವು ತಲೆ ಮೇಲೆ ಬಂದು ಒದ್ದಾಡುತ್ತಿದ್ದಾಗ ಮಗಳ ಗೊಂಬೆಯನ್ನು ಎಡವಿದರಂತೆ. ಬಿದ್ದರೂ ಎದ್ದು ಕೂರುವ ಗುಂಡು ಗೊಂಬೆ. ಅದಕ್ಕೆ ಬೆಕ್ಕು ಸೇರಿ ಡೋರೆಮಾನ್ ಹುಟ್ಟಿತು ಅಂತ ಅವರೇ ಚಿತ್ರಕಥೆಯಾಗಿ ಬರೆದಿದ್ದಾರೆ.

ಆದರೆ ಸೊನ್ನೆಗಿಂತ ದೊಡ್ಡ ಸಂಗತಿ ಇನ್ನೊಂದು. ಅನ್‌ಪನ್‌ಮನ್ ತಲೆಗೆ ನೀರು ಬಿದ್ದರೆ ಅವನ ಶಕ್ತಿ ಹೋಗುತ್ತದೆ. ಕೊಳೆ ಆದರೂ, ಬೂಸ್ಟು ಹಿಡಿದರೂ ಅಷ್ಟೇ. ಅವನ ಎದುರಾಳಿ ಬೈಕಿನ್‌ಮನ್. ಹೆಸರಿನ ಅರ್ಥವೇ ಕ್ರಿಮಿ. ಅವನು ಮಾಡುವುದೂ ಅದೇ, ನೀರು ಎರಚುವುದು, ಕೊಳೆ ಮಾಡುವುದು. ಒಂದು ಕ್ಷಣ ಮಗುವಿನ ಜಾಗದಲ್ಲಿ ಕೂತು ಯೋಚಿಸಿ. ದಿನವಿಡೀ ಅದಕ್ಕೆ ಆಗುವುದು ಇದೇ ಅಲ್ವಾ? ಅಂಗಿ ಒದ್ದೆ, ಮೂಗು ಸೋರುತ್ತಿದೆ, ಹಸಿವು, ಸುಸ್ತು, ಕೂಡಲೇ ಅಳು. ಆಮೇಲೆ ಯಾರೋ ಮುಖ ತೊಳೆದು ಊಟ ಮಾಡಿಸುತ್ತಾರೆ, ಮತ್ತೆ ಕುಣಿದಾಟ. ಹೊಸ ತಲೆ ಬಂತು ನೋಡಿ!

ನನ್ನ ತಂಗಿಯ ಮಗಳಿಗೆ ನಾಲ್ಕು ವರ್ಷ. ಅವಳಿಗೆ ಇದರ ಒಂದು ಕಂತು ತೋರಿಸಿದೆ. ಭಾಷೆ ಒಂದಕ್ಷರ ತಿಳಿಯದು. ಮುಖ ಮುರಿದು ಕೊಟ್ಟಾಗ ನನ್ನ ಕಡೆ ತಿರುಗಿ "ಅವನಿಗೆ ನೋಯಲ್ವಾ?" ಅಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳೇ "ಬನ್ನು ಅಲ್ವಾ, ನೋಯಲ್ಲ" ಅಂದಳು. ಸಂಜೆ ಬಿಸ್ಕತ್ತು ಮುರಿದು ಅರ್ಧ ನನಗೆ ಕೊಟ್ಟಳು. ತನ್ನ ಕೆನ್ನೆಗೆ ಹಿಡಿದುಕೊಂಡು, ಅಲ್ಲಿಂದ ಮುರಿದು ಕೊಟ್ಟಳು. 1973ರಲ್ಲಿ ಸಿಟ್ಟಾದ ದೊಡ್ಡವರ ಜೊತೆ ನಾನೂ ಇದ್ದಿದ್ದರೆ ಬಹುಶಃ ನಾನೂ ಕ್ರೂರ ಅಂತಲೇ ಅನ್ನುತ್ತಿದ್ದೆ. ಮಗು ಅದನ್ನು ತಿಂಡಿಯ ಲೆಕ್ಕದಲ್ಲಿ ನೋಡಿತು.

ಡೋರೆಮಾನ್ ಜೊತೆಗಿರುವ ಹುಡುಗ ನೋಬಿತನ ವಿಷಯ ನಿಮಗೆ ಗೊತ್ತೇ ಇದೆ. ಸೊನ್ನೆ ಮಾರ್ಕ್ಸು, ಓಟದಲ್ಲಿ ಕೊನೆ, ಅಮ್ಮನ ಬೈಗುಳ. ಅವನ ಮನೆಯೂ ನಮ್ಮ ಮಕ್ಕಳಿಗೆ ಹೊಸದಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ, ನೆಲದ ಮೇಲೆ ಕೂರುತ್ತಾರೆ, ಅನ್ನ ಉಣ್ಣುತ್ತಾರೆ. ಅಮೆರಿಕದ ಕಾರ್ಟೂನಿನಲ್ಲಿ ಬೂಟು ಹಾಕಿಕೊಂಡೇ ಹಾಸಿಗೆ ಮೇಲೆ ಹಾರುವುದನ್ನು ಕಂಡು ನಮ್ಮ ಅಜ್ಜಿ "ಥೂ" ಅನ್ನುತ್ತಿದ್ದರು. ಡೋರೆಮಾನ್ ಬಗ್ಗೆ ಅವರದ್ದು ತಕರಾರು ಇರಲಿಲ್ಲ. ಇನ್ನೊಂದು ಮಾತು. ಡೋರೆಮಾನ್ ಪತ್ರಿಕೆಗಳಲ್ಲಿ ಶುರುವಾಗಿದ್ದು 1970ರ ಜನವರಿ ಸಂಚಿಕೆಯಿಂದ, ಒಂದೇ ಸಲ ಆರು ಪತ್ರಿಕೆಗಳಲ್ಲಿ. ಶಾಲೆಗೆ ಸೇರುವ ಮೊದಲಿನ ಪುಟ್ಟ ಮಕ್ಕಳಿಗೆ ಎರಡು, ಒಂದನೇ ಕ್ಲಾಸಿಗೆ ಒಂದು, ಹೀಗೆ ನಾಲ್ಕನೇ ಕ್ಲಾಸಿನವರೆಗೆ. ಒಂದೊಂದು ವಯಸ್ಸಿಗೂ ಬೇರೆ ಕಥೆ. ನಾಲ್ಕು ವರ್ಷದವರಿಗೆ ತಮಾಷೆ ಅನ್ನಿಸುವುದು ಎಂಟು ವರ್ಷದವರಿಗೆ ಸಪ್ಪೆ ಅನ್ನುವುದು ಅವರಿಗೆ ಗೊತ್ತಿತ್ತು. ನಾವು ಮಕ್ಕಳ ಕಾರ್ಯಕ್ರಮ ಅಂತ ಎಲ್ಲರನ್ನೂ ಒಂದೇ ಗೋಣಿಯಲ್ಲಿ ತುಂಬುತ್ತೇವೆ.

ಈಗ ನನ್ನ ಕಸುಬಿನ ಒಂದು ಗುಟ್ಟು. 1963ರ ಜನವರಿ 1ರಂದು ಜಪಾನಿನ ಚಿತ್ರಕಾರ ಒಸಾಮು ತೆಜುಕಾ ಅವರ ಪುಟ್ಟ ರೋಬೋಟ್ ಹುಡುಗ ಆಸ್ಟ್ರೋ ಬಾಯ್ ಟಿವಿಗೆ ಬಂದ. ಪ್ರತಿ ವಾರ ಅರ್ಧ ಗಂಟೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಡಿಸ್ನಿಯವರು ಅದಕ್ಕೆ 12ರಿಂದ 24 ಚಿತ್ರ ಬರೆಸುತ್ತಿದ್ದರು. ತೆಜುಕಾ ಬಳಿ ದುಡ್ಡೂ ಇಲ್ಲ, ಜನವೂ ಇಲ್ಲ, ಸಮಯವಂತೂ ಇಲ್ಲವೇ ಇಲ್ಲ. ಎಂಟರಲ್ಲಿ ಮುಗಿಸಿದರು, ಆದಷ್ಟು ಕಡೆ ಅದಕ್ಕಿಂತ ಕಡಿಮೆ. ಮುಖ ನಿಂತಲ್ಲೇ ನಿಂತಿರುತ್ತದೆ, ಬಾಯಿ ಮಾತ್ರ ಆಡುತ್ತದೆ. ಹುಡುಗ ಅಲ್ಲಾಡುವುದಿಲ್ಲ, ಹಿಂದಿನ ಆಕಾಶವನ್ನು ಎಳೆಯುತ್ತಾರೆ. ಅವನು ಹಾರಿದ ಹಾಗೆ ಕಾಣುತ್ತದೆ.

ಬಡತನಕ್ಕೆ ಹುಟ್ಟಿದ ಈ ಉಪಾಯವೇ ಒಂದು ಶೈಲಿಯಾಯಿತು. ಚಿತ್ರ ಕಡಿಮೆ ಅಲ್ಲಾಡಿದರೆ ಮುಖವನ್ನು ನೋಡಲು ಮಗುವಿಗೆ ಪುರುಸೊತ್ತು ಸಿಗುತ್ತದೆ. ಭಾವನೆಗೆ ಗುರುತುಗಳನ್ನೂ ಇಟ್ಟರು. ಹಣೆ ಮೇಲೆ ಒಂದು ದೊಡ್ಡ ಬೆವರಹನಿ ಬಂದರೆ ಪೇಚಾಟ, ನೆತ್ತಿಯಲ್ಲಿ ನರದ ಗುರುತು ಬಂದರೆ ಸಿಟ್ಟು, ಮೂಗಿನಿಂದ ಗುಳ್ಳೆ ಉಬ್ಬಿದರೆ ನಿದ್ದೆ. ಅಕ್ಷರ ಬಾರದ ಮಗು ಇದನ್ನು ಓದುತ್ತದೆ. ನಿಜವಾಗಿ ಅದರ ಮೊದಲ ಓದು ಇದೇ. ಅಪ್ಪನ ಮುಖ ನೋಡಿ ಇವತ್ತು ಸಿಟ್ಟಾ, ಸುಸ್ತಾ ಅಂತ ಕಂಡುಹಿಡಿಯಲು ಒದ್ದಾಡುವ ವಯಸ್ಸು ಅದು. ಇಲ್ಲಿ ಎಲ್ಲಾ ಬಿಡಿಸಿ ಬರೆದಿಟ್ಟಿರುತ್ತಾರೆ.

ದುಡ್ಡು ಇದ್ದವರು ಏನು ಮಾಡಿದರು ಅನ್ನುವುದಕ್ಕೆ ಒಂದು ದೃಶ್ಯ ತೋರಿಸುತ್ತೇನೆ. ಹಯಾವೊ ಮಿಯಾಜಾಕಿ ಅವರ 1988ರ ಟೊಟೊರೊ ಸಿನಿಮಾ. ನೀವು ನೋಡಿರದಿದ್ದರೂ ತೊಂದರೆ ಇಲ್ಲ.

ಮಳೆ. ಕತ್ತಲಾಗಿದೆ. ಕಾಡಿನ ಪಕ್ಕದ ಬಸ್ ಸ್ಟಾಪು. ಅಕ್ಕ ತಂಗಿ ಅಪ್ಪನಿಗೆ ಕೊಡೆ ಹಿಡಿದು ಕಾಯುತ್ತಿದ್ದಾರೆ. ತಂಗಿಗೆ ನಿದ್ದೆ ತೂಗುತ್ತಿದೆ, ಅಕ್ಕ ಬೆನ್ನ ಮೇಲೆ ಹೊತ್ತುಕೊಳ್ಳುತ್ತಾಳೆ. ಬಸ್ಸು ಬರುವುದಿಲ್ಲ. ರಸ್ತೆಯಲ್ಲಿ ಒಂದು ಕಪ್ಪೆ ಹೋಗುತ್ತದೆ. ಇನ್ನೂ ಬಸ್ಸು ಬರುವುದಿಲ್ಲ. ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಿದೆ. ಕೊಡೆಯ ಅಂಚಿನ ಕೆಳಗಿಂದ ಅವಳಿಗೆ ಕಾಣುವುದು ಕೂದಲು ತುಂಬಿದ ಎರಡು ದೊಡ್ಡ ಪಾದ, ಉಗುರು. ಮೆಲ್ಲಗೆ ಕೊಡೆ ಎತ್ತಿ ನೋಡುತ್ತಾಳೆ. ಗುಡಾಣದಂಥ ಪ್ರಾಣಿಯೊಂದು ತಲೆ ಮೇಲೆ ಒಂದು ಎಲೆ ಇಟ್ಟುಕೊಂಡು ಅವಳ ಹಾಗೇ ಕಾಯುತ್ತಾ ನಿಂತಿದೆ. ಮೂಗಿನ ಮೇಲೆ ಹನಿ ತೊಟ್ಟಿಕ್ಕುತ್ತಿದೆ. ಪಾಪ ಅಂತ ಅಪ್ಪನ ಕೊಡೆಯನ್ನು ಅದಕ್ಕೆ ಕೊಡುತ್ತಾಳೆ. ಮರದಿಂದ ಒಂದು ಹನಿ ಕೊಡೆ ಮೇಲೆ "ಟಪ್" ಅನ್ನುತ್ತದೆ. ಪ್ರಾಣಿಯ ಕಣ್ಣು ಅರಳುತ್ತದೆ. ಮತ್ತೆ ಟಪ್. ಮತ್ತೆ. ಅದಕ್ಕೆ ಖುಷಿ ತಡೆಯಲಾಗದೆ ಒಂದು ಸಲ ಜೋರಾಗಿ ಮೇಲೆ ಹಾರಿ ನೆಲಕ್ಕೆ ಬೀಳುತ್ತದೆ. ಇಡೀ ಕಾಡಿನ ಎಲೆಗಳ ಮೇಲಿದ್ದ ನೀರೆಲ್ಲ ಒಟ್ಟಿಗೆ ದಬದಬ ಸುರಿಯುತ್ತದೆ.

ಇಷ್ಟೇ. ಜಗಳ ಇಲ್ಲ, ಕೇಡಿಗ ಇಲ್ಲ, ಮಾತೂ ಇಲ್ಲವೆನ್ನುವಷ್ಟು ಕಡಿಮೆ. ಮಲೆನಾಡಿನಲ್ಲಿ ಕೆಸುವಿನೆಲೆ ತಲೆ ಮೇಲೆ ಹಿಡಿದು ಶಾಲೆಯಿಂದ ಓಡಿಬಂದವಳು ನಾನು. ಮೊದಲ ಸಲ ಇದನ್ನು ನೋಡಿದಾಗ ಸುಮ್ನೆ ಕೂತುಬಿಟ್ಟೆ. ತಂಗಿಯ ಮಗಳು ಏನು ಮಾಡಿದಳು ಗೊತ್ತಾ? ಬಾಗಿ, ಟಿವಿಯ ಕೆಳಗಿನಿಂದ ಮೇಲೆ ನೋಡಿದಳು. ಕೊಡೆಯೊಳಗೆ ಪೂರ್ತಿ ಕಾಣಲಿ ಅಂತ!

2002ರಲ್ಲಿ ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಈ ನಿಧಾನದ ಬಗ್ಗೆ ಮಿಯಾಜಾಕಿಯವರ ಜೊತೆ ಮಾತಾಡಿದಾಗ ಅವರು ಮೂರು ನಾಲ್ಕು ಸಲ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಚಪ್ಪಾಳೆಗಳ ನಡುವಿನ ಬಿಡುವಿಗೆ ಜಪಾನಿಯಲ್ಲಿ "ಮಾ" ಅನ್ನುತ್ತಾರೆ ಅಂದರು. ನಮ್ಮ ತಾಳ ಹಾಕುವವರಿಗೆ ಇದನ್ನು ವಿವರಿಸಬೇಕಿಲ್ಲ. ಮಕ್ಕಳಿಗೂ ಬೇಕಿಲ್ಲ. ಇರುವೆ ಸಾಲನ್ನು ಇಪ್ಪತ್ತು ನಿಮಿಷ ನೋಡುತ್ತಾ ಕೂರುವವರು ಅವರು. ಬೇಗ ಬೇಗ ಓಡಿಸದಿದ್ದರೆ ಮಕ್ಕಳು ಎದ್ದು ಹೋಗುತ್ತಾರೆ ಅನ್ನುವುದು ದೊಡ್ಡವರ ಹೆದರಿಕೆ.

ಇದೇ ಜನ ಮೊದಲು 1974ರಲ್ಲಿ, ಬೆಟ್ಟದಲ್ಲಿ ತಾತನ ಜೊತೆ ಇರುವ ಹುಡುಗಿಯ ಕಥೆ ಹೈಡಿಯನ್ನು ಟಿವಿ ಸರಣಿ ಮಾಡಿದ್ದರು. ಇಸಾವೊ ತಕಾಹತಾ ನಿರ್ದೇಶನ, ದೃಶ್ಯಗಳ ವಿನ್ಯಾಸ ಮಿಯಾಜಾಕಿಯವರದ್ದು, 52 ಕಂತು. ಕಾರ್ಟೂನಿಗಾಗಿ ಸ್ವಿಟ್ಜರ್ಲೆಂಡಿಗೆ ಹೋಗಿ ಬೆಟ್ಟ, ಮನೆ, ಮೇಕೆ ನೋಡಿಬಂದರು. ಮೊದಲು ಹೈಡಿಗೆ ಜಡೆ ಬರೆದಿದ್ದರಂತೆ. ಬೆಟ್ಟದ ಮೇಲೆ ಒಂಟಿಯಾಗಿರುವ ತಾತ ದಿನಾ ಕೂತು ಮೊಮ್ಮಗಳಿಗೆ ಜಡೆ ಹಾಕುತ್ತಾನಾ ಅಂತ ಅಲ್ಲಿ ಯಾರೋ ಕೇಳಿದರಂತೆ. ಕೂದಲು ಗಿಡ್ಡ ಆಯಿತು. ಅದರಲ್ಲಿ ತಾತ ಬೆಂಕಿಗೆ ಚೀಸ್ ಹಿಡಿಯುವ ದೃಶ್ಯ ಇದೆ. ಚೀಸ್ ಮೆಲ್ಲಗೆ ಮೆತ್ತಗಾಗಿ, ಅಂಚು ಜಾರಿ, ಬ್ರೆಡ್ಡಿನ ಮೇಲೆ ಇಳಿಯುತ್ತದೆ. ಅಂಥ ಚೀಸ್ ತಿನ್ನಬೇಕು ಅಂತ ಆಸೆಪಟ್ಟು ಒಂದು ತಲೆಮಾರೇ ಬೆಳೆಯಿತು ಅಂತ ಜಪಾನಿನಲ್ಲಿ ಈಗಲೂ ಹೇಳುತ್ತಾರೆ. ಮಗುವಿನ ಎತ್ತರದಿಂದ ನೋಡಿದರೆ ದಿನದ ದೊಡ್ಡ ಘಟನೆ ಊಟವೇ ತಾನೆ?

ಇನ್ನು ಸದ್ದು. ನಾವು ಕನ್ನಡದವರು ಇದರಲ್ಲಿ ಪುಣ್ಯವಂತರು. ಜಪಾನಿಯಲ್ಲಿ ಹೊಳೆಯುವುದಕ್ಕೆ "ಪಿಕಾ ಪಿಕಾ", ನಮಗೆ ಪಳಪಳ. ಗುಡುಗಿಗೆ "ಗೊರೊ ಗೊರೊ", ನಮಗೆ ಗುಡುಗುಡು. ಎದೆ ಬಡಿತಕ್ಕೆ "ದೊಕಿ ದೊಕಿ", ನಮಗೆ ಡವಡವ. ಪಿಕಾಚು ಅನ್ನುವ ಹೆಸರು ಮಿಂಚಿನ ಪಿಕಾಕ್ಕೆ ಇಲಿಯ ಚೂ ಸೇರಿ ಆಗಿದ್ದು. ಪಳಚೀ ಅಂತ ನಾವು ಕರೆದ ಹಾಗೆ. ಏನೂ ಸದ್ದಿಲ್ಲ ಅನ್ನುವುದಕ್ಕೂ ಅವರ ಹತ್ತಿರ ಒಂದು ಸದ್ದಿದೆ, "ಶೀನ್". ನಮ್ಮಲ್ಲಿ ಕತ್ತಲೆ ಗವ್ ಅನ್ನುತ್ತದಲ್ಲ, ಹಾಗೆ. ಮಕ್ಕಳು ಮಾತು ಕಲಿಯುವುದೇ ಇಂಥ ಪದಗಳಿಂದ. ಆದರೆ ಆ ಹುಡುಗನ ಹಾಲಿನ ಕಥೆ ಕೇಳಿದಾಗ ನನಗೆ ಬೇಜಾರಾಗುವುದು ಇದಕ್ಕೇ. ಇಷ್ಟು ಹತ್ತಿರದ ಎರಡು ಭಾಷೆಗಳ ನಡುವೆ ಹಿಂದಿಯ ಸೇತುವೆ ಯಾಕೆ? ಒಳ್ಳೆಯ ಕನ್ನಡದಲ್ಲಿ ಇವು ನಮ್ಮ ಮಕ್ಕಳಿಗೆ ಸಿಗಬೇಕಿತ್ತು. ಇರಲಿ, ಅದು ಇನ್ನೊಂದು ಭಾನುವಾರದ ಜಗಳ.

ಎಲ್ಲಾ ಹೊಗಳಿ ಕೂರುವುದಿಲ್ಲ. ಜಪಾನಿನದು ಅಂದ ಮಾತ್ರಕ್ಕೆ ಪುಟ್ಟ ಮಕ್ಕಳದ್ದಲ್ಲ. ಶಿನ್‌ಚಾನ್ 1990ರಲ್ಲಿ ಶುರುವಾಗಿದ್ದು ದೊಡ್ಡವರ ಪತ್ರಿಕೆಯಲ್ಲಿ. ಹುಡುಗನಿಗೆ ಐದು ವರ್ಷ ಇರಬಹುದು, ಜೋಕುಗಳಿಗೆ ಅಲ್ಲ. ಅವನ ಬಾಯಿಬಡುಕತನಕ್ಕೆ ಜಪಾನಿನ ಅಪ್ಪ ಅಮ್ಮಂದಿರೇ ತಲೆ ಚಚ್ಚಿಕೊಂಡಿದ್ದಾರೆ. 1997ರ ಡಿಸೆಂಬರ್ 16ರ ಸಂಜೆ ಪೋಕೆಮಾನ್‌ನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ 12 ಸಲ ಮಿಣುಕಿತು. 685 ಮಕ್ಕಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಸರಣಿ ನಾಲ್ಕು ತಿಂಗಳು ನಿಂತಿತು. ಕೋಣೆಯಲ್ಲಿ ದೀಪ ಹಾಕಿ, ದೂರ ಕೂತು ನೋಡಿ ಅನ್ನುವ ಸಾಲು ಅಲ್ಲಿನ ಮಕ್ಕಳ ಕಾರ್ಯಕ್ರಮಗಳಲ್ಲಿ ಕಾಣಿಸುವುದು ಆ ಸಂಜೆಯ ನೆನಪಿನಿಂದ.

ವೇಗದ ಬಗ್ಗೆ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2011ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಾಲ್ಕು ವರ್ಷದ 60 ಮಕ್ಕಳು. ಕೆಲವರಿಗೆ ವೇಗದ ಕಾರ್ಟೂನು, ಕೆಲವರಿಗೆ ನಿಧಾನದ್ದು, ಉಳಿದವರಿಗೆ ಚಿತ್ರ ಬರೆಯಲು ಬಣ್ಣ. ಒಂಬತ್ತೇ ನಿಮಿಷ. ಆಮೇಲೆ ಗಮನ, ತಾಳ್ಮೆ ಬೇಕಾದ ಆಟ ಆಡಿಸಿದಾಗ ವೇಗದ್ದು ನೋಡಿದವರು ಹಿಂದೆ ಬಿದ್ದರು. ಆ ಕಾರ್ಟೂನು ಜಪಾನಿನದಲ್ಲ. ಆದರೆ ಜಪಾನಿನಲ್ಲೂ ಅಂಥ ದಡಬಡ ಬೇಕಾದಷ್ಟಿದೆ.

ಕೊನೆಗೆ ಪ್ರಶ್ನೆಗಳು ಬಂದವು. ಎಷ್ಟು ಹೊತ್ತು ತೋರಿಸಬಹುದು ಅಂತ ಹೆಚ್ಚಿನವರು ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದನ್ನು ಹೇಳಿದೆ. ಎರಡು ವರ್ಷ ತುಂಬುವವರೆಗೆ ಬೇಡ, ಐದು ತುಂಬುವವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆ ಆದರೆ ಇನ್ನೂ ಒಳ್ಳೆಯದು. ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು.

ಆಗ ಮಿಯಾಜಾಕಿಯವರದೇ ಒಂದು ಮಾತು ನೆನಪಾಗಿ ಹೇಳಿದೆ. ನಮ್ಮ ಮಗು ಟೊಟೊರೊ ವಿಡಿಯೋವನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದೆ ಅಂತ ಅಭಿಮಾನದ ಕಾಗದ ಬಂದರೆ ಅವರಿಗೆ ಖುಷಿ ಆಗುತ್ತಿರಲಿಲ್ಲವಂತೆ. ವರ್ಷಕ್ಕೊಂದು ಸಲ ನೋಡಿದರೆ ಸಾಕು, ಉಳಿದ ಹೊತ್ತು ಹೊರಗೆ ಹೋಗಿ ಓಕ್ ಮರದ ಬೀಜ ಆರಿಸಲಿ ಅನ್ನುವ ಅರ್ಥದಲ್ಲಿ ಹೇಳಿದ್ದಾರೆ. ಆ ಸಿನಿಮಾದಲ್ಲಿ ಪ್ರಾಣಿ ಮಕ್ಕಳಿಗೆ ಕೊಡುವ ಪೊಟ್ಟಣದಲ್ಲಿ ಇರುವುದೂ ಅವೇ ಬೀಜಗಳು.

ಮೊಮ್ಮಗನನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿದ್ದ ಒಬ್ಬ ಅಜ್ಜಿ ಕೈ ಎತ್ತಿದರು. "ಆ ಮರ ನಮ್ಮ ಕಡೆ ಇಲ್ವಲ್ಲಮ್ಮಾ. ಹುಣಸೆ ಪಿಕ್ಕ ಆಗುತ್ತಾ?"

ಆಗುತ್ತೆ ಅಜ್ಜಿ ಅಂದೆ.